ರಾಮಕುಂಡದ ಕಾಗೆಗಳು

ಪಂಚವಟಿ, ನಾಸಿಕ
೭ ಜನವರಿ ೧೯೯೬

ಚಿ. ಮಧುಕರ ಭಾವೋಜಿಗೆ ವತ್ಸಲಾ ವೈನಿಯ ಆಶೀರ್ವಾದಗಳು.

ಕುಶಲ ಕೇಳಿ ಶುರು ಮಾಡುವ ಕಾಗದವಲ್ಲ ಇದು. ನಿಮ್ಮ ದಾದಾ, ನಮ್ಮ ಯಜಮಾನರು, ಹೋಗಿಬಿಟ್ಟರು. ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ತಡವಾಗಿ ತಿಳಿಸುತ್ತಿದ್ದೇನೆ, ಕ್ಷಮಿಸಬೇಕು. ನೀವು ಅವರ ಕೈಯಲ್ಲೇ ಕ್ಯಾಮೆರಾ ಹಿಡಿಯಲು ಕಲಿತವರು, ಒಡಹುಟ್ಟಿದವರಿಗಿಂತ ಹೆಚ್ಚು. ಆದರೆ ಹೊಸ್ತಿಲು ತುಳಿಯಬೇಡ ಎಂದು ಅವರೇ ಹೇಳಿ ಕಳಿಸಿದವರನ್ನು ನಾನು ಯಾವ ಬಾಯಿಂದ ಕರೆಯಲಿ?

ಕೊನೆಯವರೆಗೂ ಹುಚ್ಚು ಬಿಡಲಿಲ್ಲ. ಬೆಳಗಾದರೆ ಗೋದಾವರಿಯ ಘಾಟಿನ ಮೆಟ್ಟಿಲಿಗೆ. ಬಟ್ಟೆ ಒಗೆಯುವವರು, ತಲೆ ಬೋಳಿಸುವವರು, ಕಾಳಾರಾಮನ ಗುಡಿಯ ನಸುಕಿನ ಕಾಕಡಾರತಿಗೆ ಓಡುವ ಮುದುಕಿಯರು, ಮೀನಿಗೆ ಹೊಂಚುವ ಮಿಂಚುಳ್ಳಿ, ಎಲ್ಲರ ಚಿತ್ರ ತೆಗೆದು ಬಂದು ಚಹಾ ಆರುವವರೆಗೂ ಅವರದೇ ಸುದ್ದಿ. "ಊರ ಮಂದೀನೆಲ್ಲಾ ನೋಡ್ತೀರಿ, ಮನ್ಯಾಗ ಒಬ್ಬಾಕಿ ಇದ್ದಾಳ ಗೊತ್ತದ ಏನು?" ಎಂದರೆ ನಗುತ್ತಿದ್ದರು.

ಹತ್ತನೆಯ ದಿನ ರಾಮಕುಂಡದಲ್ಲಿ ಪಿಂಡ ಇಟ್ಟೆವು. ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತವೇ ಹೊರತು ಒಂದೂ ಕೆಳಗಿಳಿಯಲಿಲ್ಲ. ಯಾವ ಆಸೆ ಉಳಿದಿದೆಯೋ ಎಂದು ಒಬ್ಬೊಬ್ಬರೇ ಕೈಮುಗಿದು ಮಾತು ಕೊಡತೊಡಗಿದರು. "ಅಪ್ಪಾ, ನಿನ್ನ ಫೋಟೋದ್ದು ಪುಸ್ತಕ ಮಾಡಸ್ತೀನಿ" ಎಂದ ಮಗ ಶೈಲೇಶ. ಇಲ್ಲ. ಅವರ ಅಕ್ಕ ಕುಸುಮತಾಯಿ, "ಹಟಮಾರಿ! ಹುಟ್ಟಿದಾಗಿಂದ ಹಿಂಗ. ರಾಮನವಮಿಗೆ ನಿನ್ನ ಹೆಸರಲೆ ಪ್ರಸಾದ ಹಂಚತೀನಿ, ಬಾರೋ" ಎಂದು ಅತ್ತರು. ಇಲ್ಲ. ಬಿಸಿಲು ಏರಿತು. ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣ ಎಂದು ಗುರೂಜಿ ದರ್ಭೆಯ ಕಟ್ಟು ಬಿಚ್ಚಿದರು. ಜೀವಮಾನವೆಲ್ಲ ಹಕ್ಕಿಗಳ ಹಿಂದೆ ತಿರುಗಿದವರಿಗೆ ಹುಲ್ಲಿನ ಹಕ್ಕಿಯೇ?

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. "ಮಧುಕರ ಭಾವೋಜೀನ್ನ ಮನಿಗೆ ಕರೀತೀನ್ರಿ. ಆ ಸೂರಕ್ಕಿ ಮರಿ ಮಾತು ಇನ್ನ ಯಾರೂ ಎತ್ತಂಗಿಲ್ಲ."

ಅಂದು ಚಿತ್ರಕ್ಕೆ ಬೆಳಕು ಬೀಳಲೆಂದು ನೀವು ಆ ಸೂರಕ್ಕಿ ಗೂಡಿನ ಸುತ್ತಲಿನ ಎಲೆ ಕತ್ತರಿಸಿದಿರಿ. ಮರೆಯಿಲ್ಲದ ಗೂಡಿನಿಂದ ಮರುದಿನವೇ ಕಾಗೆಗಳು ಮರಿಗಳನ್ನು ಎತ್ತಿಕೊಂಡು ಹೋದವು. ದಾದಾ ನಿಮ್ಮನ್ನು ಹೊರಗೆ ಹಾಕಿದರು ನಿಜ, ಆದರೆ ಆಮೇಲೆ ಯಾರನ್ನೂ ಜೊತೆಗೆ ಸೇರಿಸಿಕೊಳ್ಳಲಿಲ್ಲ. ಒಬ್ಬರೇ ಹೋಗುತ್ತಿದ್ದರು.

ನನ್ನ ಮಾತು ಮುಗಿಯುವಷ್ಟರಲ್ಲಿ ಒಂದು ಕಾಗೆ ಇಳಿದು ಪಿಂಡ ಮುಟ್ಟಿತು. ಸುತ್ತಲಿದ್ದವರೆಲ್ಲ ಕೈಮುಗಿದರು. "ತೃಪ್ತಿ ಆತು, ನಡೀರಿ ಎಲ್ಲಾರೂ" ಎಂದರು ಗುರೂಜಿ.

ಆದ್ದರಿಂದ ಬನ್ನಿ. ಬೇಡ ಎಂದವರೇ ಕರೆಸಿಕೊಂಡ ಮೇಲೆ ಸಂಕೋಚವೇನು? ಕ್ಯಾಮೆರಾ ಇನ್ನು ನಿಮ್ಮದು. ಆದದ್ದನ್ನು ನೆನೆದು ಕೊರಗಬೇಡಿ. ನಿಮಗೂ ಮಕ್ಕಳಿಗೂ ಗೋದಾಮಾಯಿ ಆಯುರಾರೋಗ್ಯ ಕೊಡಲಿ.

ನಿಮ್ಮ
ವತ್ಸಲಾ ವೈನಿ

ತಾ.ಕ.: ಇದು ಶೈಲೇಶನಿಗೂ ಹೇಳದ ಮಾತು. ನಿಮ್ಮ ಹೆಸರು ಹೇಳುವ ಮೊದಲು ನಾನೂ ಕೈಮುಗಿದಿದ್ದೆ. "ನನ್ನ ಚಿಂತಿ ಮಾಡಬ್ಯಾಡ್ರಿ, ನಾ ಹೆಂಗರೆ ಇರತೀನಿ" ಎಂದು ಮೆಲ್ಲಗೆ ಹೇಳಿ ಬಹಳ ಹೊತ್ತು ಕಾದೆ. ಕಾಗೆ ಕತ್ತು ಸಹ ತಿರುಗಿಸಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಭಾವೋಜಿ, ಹೋಗುವಾಗ ಅವರಿಗೆ ನನ್ನ ಚಿಂತೆ ಒಂದಿಷ್ಟೂ ಇರಲಿಲ್ಲವೇ?