ನಸುಕಿನ ಒಂಬತ್ತು ಗಂಟೆ

ಅಲಖನೂರ
5 ಫೆಬ್ರುವರಿ 2025

ನನ್ನ ಉಜ್ವಲಾಗೆ,

ನಿನ್ನ ಅವ್ವನ ನೂರು ಆಶೀರ್ವಾದ. ನಾವಿಬ್ಬರೂ ಆರಾಮ, ಎಮ್ಮೆಯೂ ಆರಾಮ. ನನ್ನ ಎದೆಯೊಂದೇ ಡವಡವ ಎನ್ನುತ್ತದೆ, ಅದು ನಿನಗೇನು ಹೊಸದಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನಿಪ್ಪಾಣಿಯ ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರ್ ಮೇಲೆ. ಬೀಗರ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವುದಂತೂ ಸಾಕಾಗಿದೆ. ಅದಕ್ಕೇ ಈ ಚೀಟಿ. ಶೇಂಗಾ ಹೋಳಿಗೆ ಡಬ್ಬಿಯ ತಳದಲ್ಲಿಟ್ಟು ನಿನ್ನ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ನಾಲ್ಕನೇ ಇಯತ್ತೆಗೇ ನನ್ನ ಸಾಲಿ ಬಿಡಿಸಿದರು. ತಪ್ಪಿದ್ದರೆ ಒಪ್ಪ ಮಾಡಿಕೊಂಡು ಓದು.

ಆ ರವಿವಾರ ನಿನ್ನ ಅತ್ತೆ ತಾರಾಬಾಯಿ ಬೀಗರ ಗ್ರೂಪಿನಲ್ಲಿ ಬರೆದದ್ದು ನನಗೆ ಬಾಯಿಪಾಠವಾಗಿದೆ. "ನಮ್ಮ ಸೊಸಿ ಇವತ್ತ ನಸುಕಿನ ಒಂಬತ್ತಕ್ಕ ಎದ್ದು ನಮಗೆಲ್ಲಾ ಚಹಾ ಮಾಡಿಕೊಟ್ಟಳು. ಇಂಥಾ ಸೊಸಿ ಏಳೂರು ಹುಡುಕಿದ್ರೂ ಸಿಗೂದಿಲ್ಲ." ಅದರ ಕೆಳಗೆ ನಿನ್ನ ಮಾವನ ತಮ್ಮ ಗಂಗಾರಾಮ, "ಪುಣ್ಯಾ ಮಾಡೀರಿ, ವೈನಿ."

ಎದುರಿಗೆ ಹೇಳಿದ್ದರೆ ಅವರ ಮಾರಿ ನೋಡುತ್ತಿದ್ದೆ. ತುಟಿ ಎತ್ತ ಹೋಗುತ್ತದೆ, ಕಣ್ಣು ಏನು ಹೇಳುತ್ತದೆ, ತಿಳಿಯುತ್ತಿತ್ತು. ಅಕ್ಷರಕ್ಕೆ ಮಾರಿ ಎಲ್ಲಿಂದ ಬರಬೇಕು? ಮದುವೆಯಾಗಿ ಮೂರು ತಿಂಗಳಾಗಿಲ್ಲ, ಮಗಳ ಮಾನ ಇಡೀ ಬಳಗದ ಮುಂದೆ ಹೋಯಿತೆಂದು ಕೂತೆ. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ನಿನ್ನ ಅಪ್ಪ, "ಚ್ಯಾಷ್ಟಿ ಮಾಡ್ಯಾರ ಬಿಡ, ಹುಚ್ಚಿ. ಬೀಗರು ಮಾಡದ ಮತ್ತ್ಯಾರ ಮಾಡ್ತಾರ?" ಎಂದರು. "ನೀವು ಮನಿ ಸುಟ್ರೂ ಚ್ಯಾಷ್ಟಿ ಅಂತೀರಿ" ಎಂದು ಅವರ ಬಾಯಿ ಮುಚ್ಚಿಸಿದೆ.

ಮರುದಿನ ರಾಯಬಾಗ ಪೇಟೆಗೆ ಹೋಗಿ ಆ ಅಲಾರಂ ಗಡಿಯಾರ ತಂದೆ. ಒಳಗೊಂದು ಕೋಳಿ ಗೋಣು ಹಾಕುವಂಥದ್ದು, ಬಾರಿಸಿದರೆ ಓಣಿಗೆ ಓಣಿಯೇ ಏಳಬೇಕು. ಬೀಗರ ಮನೆಗೆ ಬರೀ ಗಡಿಯಾರ ಹೋಗಬಾರದೆಂದು ಒಂದು ಖಣ, ಬಾಳೆಹಣ್ಣು, ಅರಿಷಿಣ ಕುಂಕುಮ ಜೋಡಿಸಿ, ಆ ಕೋಳಿಗೂ ಕುಂಕುಮ ಹಚ್ಚಿ, ನಿನ್ನ ಅಪ್ಪನನ್ನು ನಿಪ್ಪಾಣಿ ಬಸ್ಸಿಗೆ ಹತ್ತಿಸಿದೆ. ಉಜ್ವಲಾ, ನಾನು ಖರೇನೇ ಕಳಿಸಿದ್ದು. ನಗಿಸಲಿಕ್ಕಲ್ಲ. ನೀನು ಐದಕ್ಕೆ ಏಳಲಿ, ನಿನ್ನ ಕಡೆ ಯಾರೂ ಬೆರಳು ತೋರಿಸಬಾರದು ಎಂದು.

ಸಂಜೆ ಗ್ರೂಪಿನಲ್ಲಿ ಕೋಳಿಯ ಫೋಟೋ. ಕೆಳಗೆ ನಿನ್ನ ಅತ್ತೆ, "ಬೀಗತಿ ಅಂದ್ರ ಹಿಂಗಿರಬೇಕ ನೋಡ್ರಿ. ನಾ ಒಂದ ಮಾತು ಅಂದೆ, ಅಕಿ ಕೋಳೀನ ಕಳಿಸ್ಯಾಳ." ಎಲ್ಲರೂ ಶಹಬ್ಬಾಸ್ ಎನ್ನುವವರೇ. ಹಿಂದೆಯೇ ನಿನ್ನ ಅತ್ತೆಯ ಫೋನು ಬಂತು. "ಬೀಗತ್ಯಾರ, ನಿಮ್ಮ ಮಾರಿ ನೋಡಿದ್ರ ಇಷ್ಟ ಕಿಲಾಡಿ ಅಂತ ಗೊತ್ತಾಗೂದಿಲ್ಲ ಬಿಡ್ರಿ" ಎಂದರು. ನಾನು "ಹೌದ್ರಿ" ಎಂದೆ. ಅದಕ್ಕೂ ನಕ್ಕರು.

ಆಗ ಅವರ ನಗುವಿನ ಹಿಂದೆ ಇನ್ನೊಂದು ನಗು ಕೇಳಿತು. ನಿನ್ನದು. ಸಣ್ಣವಳಿದ್ದಾಗ ಬಿಕ್ಕಳಿಕೆ ಬರುವ ತನಕ ನಗುತ್ತಿದ್ದೆಯಲ್ಲ, ಹಾಗೆ. ನಾನು ನನ್ನ ಅತ್ತೆಯ ಎದುರು ಹಲ್ಲು ತೋರಿಸಿದವಳಲ್ಲ. ನಗು ಬಂದರೆ ಹಿತ್ತಲಿಗೆ ಓಡುತ್ತಿದ್ದೆ. ನೀನು ಅತ್ತೆಯ ಮಗ್ಗುಲಲ್ಲೇ ಕೂತು ನಗುವುದನ್ನು ಕೇಳಿ ಫೋನು ಎದೆಗೆ ಒತ್ತಿಕೊಂಡೆ. ಅವತ್ತು ಎರಡು ರೊಟ್ಟಿ ಜಾಸ್ತಿ ಉಂಡೆ.

ಈಗ ಹೊಸ ಚಿಂತೆ. ಗಂಗಾರಾಮನ ಮಗಳು ಸುಜಾತಾಳ ಮದುವೆಯಲ್ಲಿ ಗಂಡಿನ ಕಡೆಯವರನ್ನು ಆಡಿಕೊಳ್ಳುವ ಹಾಡಿಗೆ ನಾನೇ ಮುಂದೆ ನಿಲ್ಲಬೇಕಂತೆ. "ನಿಮ್ಮಂಗ ನಗಸಾವರು ನಮ್ಮಲ್ಲಿ ಯಾರ ಅದಾರ?" ಎನ್ನುತ್ತಾರೆ ನಿನ್ನ ಅತ್ತೆ. ನಾನು ಹುಟ್ಟಿದಾಗಿನಿಂದ ಬೇಕೆಂದು ಯಾರನ್ನೂ ನಗಿಸಿದವಳಲ್ಲ. ಅಲ್ಲಿ ನಿಂತು ತೊದಲಿದರೆ ಗಡಿಯಾರದ ಗುಟ್ಟು ಬಯಲಾಗುತ್ತದೆ. ನಿನ್ನ ಅತ್ತೆಯನ್ನು ನಾನು ಸೊಸೆಯ ಮೇಲೆ ಚಾಡಿ ಹೇಳುವವರೆಂದು ತಿಳಿದಿದ್ದೆ ಎಂದು ಅವರಿಗೆ ಗೊತ್ತಾಗಿ, ಆ ಮನೆಯ ನಗು ನಿಂತುಹೋದರೆ? ನೀನೇ ಹೇಳು, ಮದುವೆಗೆ ಬರಲೋ, ಜ್ವರ ಬಂದಿದೆ ಎನ್ನಲೋ? ಓದಿದ ಕೂಡಲೇ ಈ ಚೀಟಿ ಒಲೆಗೆ ಹಾಕು.

ನಿನ್ನನ್ನೇ ನೆನೆಯುವ ಅವ್ವ,
ರುಕ್ಮವ್ವ

ತಾ.ಕ.: ಡಬ್ಬಿ ಕಟ್ಟುವಾಗ, ಚೀಟಿ ಬೀಗತಿಯ ಕೈಗೆ ಸಿಗಬಾರದು ಎಂದು ನಿನ್ನ ಅಪ್ಪನಿಗೆ ಹೇಳಿದೆ. ಅವರು ಗೋಡೆಗೆ ಒರಗಿ ನಗಲಿಕ್ಕೆ ಹತ್ತಿದರು. ಗಡಿಯಾರ ಕೊಟ್ಟ ದಿನವೇ ಅವರು ನಿನ್ನ ಅತ್ತೆಗೆ, "ಅಕಿ ಖರೇ ಅಂತ ತಿಳಕೊಂಡು ಅಂಜಿ ಕಳಿಸ್ಯಾಳ್ರಿ" ಎಂದು ಹೇಳಿಬಿಟ್ಟಿದ್ದರಂತೆ. ಅದಕ್ಕೆ ನಿನ್ನ ಅತ್ತೆ, "ನಾ ಹಂಗ ಬರೀಬಾರದಿತ್ತು. ಬೀಗರ, ಇದನ್ನ ಬೀಗತ್ಯಾರ ಚ್ಯಾಷ್ಟಿ ಅಂತನ ಇಟ್ಟುಬಿಡೂಣು" ಎಂದರಂತೆ.

ಚೀಟಿ ಒಲೆಗೆ ಹಾಕಬೇಡ, ನಿನ್ನ ಅತ್ತೆಗೂ ಓದಿ ಹೇಳು. ಮದುವೆಗೆ ಬರುತ್ತೇನೆ. ಮೊದಲು ಅವರನ್ನೇ ಬೈದು ಒಂದು ನುಡಿ ಕಟ್ಟೋಣವೆಂದು ಕೂತರೆ ಇದು ಬಂತು:

ಗಡಿಯಾರ ಕಳಿಸಿದರ ಗುಡುಗುಡಿಸಿ ನಕ್ಕಾಳ
ನಡುಮನಿಯಾಗ ಕುಂತ ತಾರವ್ವ, ಬೀಗತಿಯ
ನುಡಿಯಾಗ ಕಲ್ಲುಸಕ್ಕರಿ.

ಎಲ್ಲಿಯೂ ಬೈಗುಳ ಸಿಗಲಿಲ್ಲ. ಇದನ್ನು ಹಾಡಿದರೆ ಅವರು ತಪ್ಪು ತಿಳಿಯಲಿಕ್ಕಿಲ್ಲವಷ್ಟೇ?