ಕೆಟೂರಾಳ ತಾಯಿಯ ಕಲ್ಲು

ಮೇ ೯, ಬೆಳಿಗ್ಗೆ
ಮತ್ತೆ ಅದೇ. ಕಾಫಿ, ಕನ್ನಡಕ, ಕೆಟೂರಾ. ಕೆಂಟಕಿಯ ಈ ಗುಡ್ಡದಲ್ಲಿ ಕಾಡು ಕಡಿದು ಮೊದಲು ಒಲೆ ಹಚ್ಚಿದ ನಮ್ಮ ಮೂಲಜ್ಜಿ. ಅವಳ ತಾಯಿ ಯಾರೆಂದು ಹುಡುಕುತ್ತಲೇ ಮುದುಕಿಯಾದೆ. ಈಗ ಹಳೆಯ ಕೋರ್ಟ್ ಕಡತವೊಂದರಿಂದ ಗೊತ್ತಾಗಿದೆ — ನೆಲ್ಲಿ. ಬಟ್ಟೆ ಕದ್ದಳೆಂದು ಗಡೀಪಾರು ಶಿಕ್ಷೆ ಕೊಟ್ಟು, ಲಂಡನ್ನಿನಿಂದ ಹಡಗು ಹತ್ತಿಸಿ, ವರ್ಜೀನಿಯಾದಲ್ಲಿ ಮಾರಿದ ಆಳು. ಮಗಳ ಜೊತೆ ಬೆಟ್ಟ ದಾಟಿ ಬಂದು ಇಲ್ಲೇ ಸತ್ತಳು.

ಡ್ವೈಟ್‌ಗೆ ಫೋನ್ ಮಾಡಿದೆ. ದೊಡ್ಡಪ್ಪನ ಮಗ, ಕುಟುಂಬ ಸಂಘದ ಅಧ್ಯಕ್ಷ ಮಹಾಶಯ.

"ಕೆಟೂರಾಳಿಗೆ ಹಾಕಿಸ್ತಿರೋ ಹೊಸ ಕಲ್ಲಿನ ಮೇಲೆ ಕಳ್ಳಿ ಮಗಳು ಅಂತ ಕೆತ್ತಿಸ್ಲೇನೇ?" ಅಂದ.

ಅವನಿಗೆ ವಂಶದ ಮೂಲಕ್ಕೆ ಸೇನೆಯ ಕರ್ನಲ್ ಬೇಕು. ಮನೆತನದ ಹೆಸರು ತಾಳೆಯಾಗುವ ಯಾವನನ್ನೋ ಹಿಡಿದು ಕೆಟೂರಾಳಿಗೆ ಅಪ್ಪನನ್ನಾಗಿ ಮಾಡಿದ್ದಾನೆ. ಆ ಪುಣ್ಯಾತ್ಮ ಸತ್ತು ಎಷ್ಟೋ ವರ್ಷಕ್ಕೆ ಇವಳು ಹುಟ್ಟಿದ್ದು. ಥೂ.

ಮೇ ೧೪
ಓಜೆಲ್ಲಾ ಅತ್ತೆ — ಅಪ್ಪನ ಕೊನೆಯ ತಂಗಿ — ಮಳೆಗೆ ನೆನೆಯದಿರಲೆಂದು ಕಾಗದದ ಹೂಗಳನ್ನು ಮೇಣದಲ್ಲಿ ಅದ್ದುತ್ತಿದ್ದರು. ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಗುಡ್ಡದ ಗೋರಿಗಳಿಗೆ ಹೂವಿಡುವ ದಿನ. ಕೆಟೂರಾಳ ಸುತ್ತ ಅಕ್ಷರವಿಲ್ಲದ ಬರೀ ಹೊಳೆಗಲ್ಲುಗಳು, ಬಡವರ ಗೋರಿಗಲ್ಲು. ಹೆಸರು ಗೊತ್ತಿಲ್ಲದಿದ್ದರೂ, ಕೆಟೂರಾಳ ತಾಯಿಯದು ಯಾವುದೆಂದು ಬಲ್ಲವರು ಅತ್ತೆ ಒಬ್ಬರೇ.

"ಮೊದಲ್ನೇ ಹೂ ಅವಳಿಗೇ ಕಣೇ. ನಮ್ಮಮ್ಮ ಇಡ್ತಿದ್ಲು, ನಾನೂ ಇಡ್ತೀನಿ. ಅವತ್ತು ಬಾ, ತೋರಿಸ್ತೀನಿ."

ಗುರುತು ಹಾಕಿಕೊಂಡು ಹೆಸರು ಕೆತ್ತಿಸಬೇಕು. ತೊಂಬತ್ತು ದಾಟಿದ ಜೀವ. ಮುಂದಿನ ವರ್ಷ ಗುಡ್ಡ ಹತ್ತುವ ಖಾತ್ರಿಯಿಲ್ಲ.

ಮೇ ೨೬, ಸಂಜೆ
ಗೋರಿಗಳ ಗುಡ್ಡಕ್ಕೆ ಹೋಗಿ ಬಂದೆ. ಗುಡ್ಡ ಬೋಳು. ಹುಲ್ಲು ಕತ್ತರಿಸುವ ಮೆಷಿನ್‌ಗೆ ಅಡ್ಡ ಬರುತ್ತವಂತೆ — ಡ್ವೈಟ್ ಕಲ್ಲುಗಳನ್ನೆಲ್ಲ ಕೀಳಿಸಿದ್ದಾನೆ. ಕಿತ್ತ ಕಲ್ಲುಗಳ ಮೇಲೆ ಸಿಮೆಂಟ್ ಸುರಿದು, 'ಕರ್ನಲ್‌ನ ಮಗಳು' ಎಂದು ಕೆತ್ತಿದ ಕೆಟೂರಾಳ ಹೊಸ ಗ್ರಾನೈಟಿಗೆ ಅವನ್ನೇ ಪಾಯ ಹಾಕಿಸಿದ್ದಾನೆ. ಕೇಳಿದರೆ ಬರೀ ಕಲ್ಲು, ಹೊಳೆಯಲ್ಲಿ ಬೇಕಾದಷ್ಟಿದೆ ಅಂದ.

ಹೆತ್ತವಳ ಗೋರಿಗಲ್ಲಿನ ಮೇಲೆ ಸುಳ್ಳಪ್ಪನನ್ನು ನಿಲ್ಲಿಸುವ ವಂಶ ನಮ್ಮದು. ಇದಕ್ಕೋ ಇಷ್ಟು ವರ್ಷ ಬೇರು ಹುಡುಕಿದ್ದು? ಅತ್ತೆಗೆ ಏನಂತ ಹೇಳಲಿ...

ಮೇ ೨೭, ಭಾನುವಾರ, ಗುಡ್ಡದ ಮೇಲೆ
ಜನ ಸೇರುವ ಮೊದಲೇ ಅತ್ತೆಯನ್ನು ಕರೆತಂದೆ. ಹೇಳುವ ಧೈರ್ಯ ಬರಲಿಲ್ಲ. ಅತ್ತೆ ಹೂವಿನ ಬಕೆಟ್ ಹಿಡಿದು ಬಯಲಲ್ಲಿ ನಿಂತರು. ಗ್ರಾನೈಟಿನ ಬುಡಕ್ಕೆ ಬಗ್ಗಿ, ಸಿಮೆಂಟಿನಿಂದ ಇಣುಕುವ ಕಲ್ಲುಗಳನ್ನು ಒಂದೊಂದಾಗಿ ಸವರಿದರು. ಒಂದರ ಮೇಲೆ ಕೈ ನಿಂತಿತು. ಮೇಣ. ಪ್ರತಿ ವರ್ಷದ ಮೊದಲ ಹೂವಿನದು, ಬಿಸಿಲಿಗೆ ಕರಗಿ ಕಲ್ಲಿಗೇ ಹತ್ತಿಕೊಂಡದ್ದು.

"ಇವಳೇ," ಅಂದರು. ಆಮೇಲೆ, "ಕಾರಲ್ಲಿ ಹಾರೆ ಇದೆಯೇನೇ?"

ಇತ್ತು. ಸಿಮೆಂಟ್ ಇನ್ನೂ ಹಸಿ. ಅರ್ಧ ಬಿಡಿಸಿಯಾಯಿತು. ಅತ್ತೆ ಉಸಿರು ತೆಗೆದುಕೊಳ್ಳಲು ಕೂತರು, ಅಷ್ಟರಲ್ಲಿ ಇಷ್ಟು ಗೀಚಿದೆ. ಗ್ರಾನೈಟು ಒಂದು ಕಡೆ ವಾಲಿದೆ. ಕೆಳಗೆ ಡ್ವೈಟ್‌ನ ಕಾರು. ಸಂಘದವರೆಲ್ಲ ಹಿಂದೆ. ಅತ್ತೆಗೆ ಹೇಳಿದೆ.

"ಬರಲಿ ಬಿಡು. ಕಲ್ಲು ಹೊರೋಕೆ ಒಬ್ಬ ಬೇಕಿತ್ತು."

ಎದ್ದರು. ಹಾರೆ ಕೊಡು ಅಂತ ಕೈ ಚಾಚಿ —