ಬಯ್ಯದೆ ಹೋದವಳಿಗೆ

ಜಿರಾಪಾ
ಡಿಸೆಂಬರ್ ಮೊದಲ ಗುರುವಾರ, ಸಂಜೆ

ಒಂದು ನಾಯಿಯ ತಲೆಗಾಗಿ ಇಡೀ ಊರನ್ನೇ ಅಡವಿಡಬಲ್ಲ ಘನ ಫ್ರಾಫ್ರಾ ಕುಲದ ಕಣ್ಮಣಿ, ನಮ್ಮ ಮನೆತನದ ವಂಶಪಾರಂಪರ್ಯದ ಆಳು, ಕುಮಾರಿ ಅಯಿಂಪೋಕಾಳಿಗೆ,

ನಿನ್ನ ಒಡತಿಯೂ ದಗಾಬಾ ಜನಾಂಗದ ಭೂಷಣವೂ ಆದ ಸಬೀನಾ ಡಕೂರಾ ತನ್ನ ಸಿಂಹಾಸನದಿಂದ, ಅಂದರೆ ಅಡುಗೆಮನೆಯ ಕಾಲು ಮುರಿದ ಸ್ಟೂಲಿನಿಂದ, ಅಪ್ಪಣೆ ಕೊಡಿಸುವುದೇನೆಂದರೆ: ನಾವು ಇಲ್ಲಿ ಕ್ಷೇಮವಾಗಿಲ್ಲ. ನೀನು ಅಲ್ಲಿ ಕ್ಷೇಮವಾಗಿದ್ದರೆ ಅದನ್ನು ಒಡತಿಗೆ ಮಾಡಿದ ಅಪಚಾರವೆಂದು ಪರಿಗಣಿಸಲಾಗುವುದು.

ಇಷ್ಟು ಓದಿ ನಿನಗೆ ನಗು ಬಂತೋ ಇಲ್ಲವೋ. ಕಾಲೇಜಿನಲ್ಲಿ ಆಗಿದ್ದರೆ ಪಕ್ಕದ ಮಂಚದಿಂದ ಚಪ್ಪಲಿ ಹಾರಿ ಬರುತ್ತಿತ್ತು, ನನಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಈಗ ನೀನು ನಾವಿಬ್ಬರೂ ಪಾಠ ಮಾಡುವ ಶಾಲೆಗೆ ರಜೆ ಹಾಕಿ ಬೋಲ್ಗಾದ ನಿಮ್ಮ ಮನೆಯಲ್ಲಿ ಕೂತಿದ್ದೀಯ. ಚಪ್ಪಲಿ ಅಷ್ಟು ದೂರ ಬರುವುದಿಲ್ಲ.

ಹೋದ ವಾರ ನಮ್ಮ ತಾತನ ಮಣ್ಣಿಗೆ ನೀನು ಬಂದೆ. ಅಪ್ಪನ ಮುಂದೆ ಮಂಡಿ ಬಗ್ಗಿಸಿ, ಹಿರಿಯರು ಹೋದರು, ದೇವರು ನಿಮಗೆ ಧೈರ್ಯ ಕೊಡಲಿ ಅಂದೆ. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ದುಃಖದಲ್ಲಿ ನಾವೂ ಭಾಗಿ ಅಂದೆ. ನಿಮ್ಮ! ನನ್ನ ಸೋಪಿನಲ್ಲಿ ಮುಖ ತೊಳೆದು, ನನ್ನ ಬಾಚಣಿಗೆಯ ಹಲ್ಲು ಮುರಿದು, ನನಗೇ ಬಯ್ಯುತ್ತಿದ್ದವಳು ನೀನು. ಆ ಒಂದು ಮಾತಿಗೆ ನಾನು ಅತ್ತದ್ದನ್ನು ಜನ ತಾತನಿಗಾಗಿ ಅತ್ತಳು ಅಂದುಕೊಂಡರು. ತಾತನ ಮರ್ಯಾದೆ ಉಳಿಯಿತು.

ಇದೆಲ್ಲ ಎಲ್ಲಿಂದ ಶುರುವಾಯಿತು ಅಂತ ನಿನಗೂ ಗೊತ್ತು. ಆದರೂ ಒಡತಿ ಹೇಳುವಾಗ ಆಳು ಕೇಳಬೇಕು.

ಅಧ್ಯಕ್ಷ ಪದವಿಗೆ ನಿಂತ ಆ ದಕ್ಷಿಣದ ವಕೀಲರು ನಿಮ್ಮ ಫ್ರಾಫ್ರಾ ದನದ ಡಾಕ್ಟರು ಅತುಬಿಗಾ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡರು ಅಂತ ರೇಡಿಯೋದಲ್ಲಿ ಬಂದಾಗ ಅಪ್ಪ ಸಜ್ಜೆ ಮುದ್ದೆ ತಿನ್ನುತ್ತಿದ್ದರು. ನಕ್ಕು ನಕ್ಕು ಬೆಂಡೆಕಾಯಿ ಸಾರು ನೆತ್ತಿಗೇರಿತು. "ಏನ್ ಕಾಲ ಬಂತಪ್ಪ! ನಮ್ಮ ಆಳನ್ನ ಅಧ್ಯಕ್ಷರ ಅರಮನೆಗೆ ಕರೀತಾರಂತೆ. ಅಲ್ಲಿ ಪಾತ್ರೆ ತೊಳೆಯೋರು ಯಾರೂ ಇಲ್ವಾ? ದನದ ಡಾಕ್ಟ್ರು ಬೇರೆ. ಅಲ್ಲಿರೋರನ್ನೆಲ್ಲ ನೋಡ್ಕೊಳ್ಳೋಕೆ ಸರಿಯಾದೋನೇ ಸಿಕ್ಕಿದ" ಅಂದರು. ಮದುವೆಗೆ ಮುಂಚಿನಿಂದಲೂ ಬೇರೆ ಪಕ್ಷಕ್ಕೇ ವೋಟು ಹಾಕಿಕೊಂಡು ಬಂದ ಮನುಷ್ಯ, ಕೈ ತೊಳೆಯುವಷ್ಟರಲ್ಲಿ ಪಕ್ಷ ಬದಲಾಯಿಸಿದ್ದರು.

ವಕೀಲರು ಯಾರು, ಅವರ ಪ್ರಣಾಳಿಕೆಯಲ್ಲಿ ಏನಿದೆ ಅಂತ ನಮ್ಮ ಕಡೆ ಯಾರೂ ಕೇಳಲಿಲ್ಲ. ಸಂತೆಯಲ್ಲಿ ಪಿಟೊ ಹೆಂಡ ಕಾಯಿಸುವ ನಮ್ಮ ಅತ್ತೆ ಹೇಳಿದ್ದನ್ನೇ ಎಲ್ಲರೂ ಹೇಳುತ್ತಿದ್ದರು. "ರಸ್ತೆ ಕೆಟ್ರೆ ಆ ಕರಾವಳಿಯೋರ ಮುಂದೆ ಕೈಮುಗಿದು ನಿಲ್ಬೇಕು. ಇವನಾದ್ರೆ ಬಾಗಿಲಲ್ಲೇ ನಿಂತು, ಲೋ ನಾಯಿತಲೆ, ನಮ್ ರಸ್ತೆ ಎಲ್ಲೋ ಅಂತ ಕೇಳ್ಬಹುದು ಕಣೇ!" ಅರಮನೆಯೊಳಗೆ ನಾವು ಬಯ್ಯಬಹುದಾದ ಒಬ್ಬ ಮನುಷ್ಯ. ಜಿರಾಪಾದ ವೋಟು ತಿರುಗಿದ್ದು ಇಷ್ಟಕ್ಕೇ.

ಡಾಕ್ಟರು ಭಾಷಣಕ್ಕೆ ಬಂದ ದಿನ ನಾನು ರಸ್ತೆಗೆ ಅಡ್ಡ ಹಗ್ಗ ಹಿಡಿಸಿದ್ದು ನಿನಗೆ ನೆನಪಿದೆ. ತಲೆಗೆ ಸೋರೆ ಬುರುಡೆ ಕವುಚಿಕೊಂಡು, ನ್ಯಾಯಾಧೀಶರ ಗತ್ತಿನಲ್ಲಿ ಅಬ್ಬರಿಸಿದೆನಲ್ಲ: "ಇವನು ನಮ್ಮ ಆಳು! ಆಳಿಗೆ ಕಾರು ಯಾಕೋ? ಇಳಿಸ್ರೋ ಅವನನ್ನ!" ಡಾಕ್ಟರು ತಲೆ ತಗ್ಗಿಸಿ ಇಳಿದರು. ಹತ್ತಿರ ಬಂದು ಹಗ್ಗ ಮುಟ್ಟಿ ನೋಡಿದರು. "ಥೂ, ದಗಾಬಾಗಳಿಗೆ ಹಗ್ಗ ಬಿಗಿಯೋಕೂ ಬರಲ್ಲ. ಗೆದ್ದ ಮೇಲೆ ನಿಮ್ಮನ್ನೆಲ್ಲ ಅರಮನೆ ಗೇಟಿಗೆ ಕಟ್ಟಿಸ್ತೀನಿ, ಬೊಗಳ್ಕೊಂಡು ಬಿದ್ದಿರಿ!" ಅಂದರು. ಜನ ಕುಣಿದುಬಿಟ್ಟರು. ಅತ್ತೆ ಅವರ ಬಾಯಿಗೆ ಪಿಟೊ ಸೋರೆಯನ್ನೇ ಹಿಡಿದರು. ಅಲ್ಲೇ ಮತಪೆಟ್ಟಿಗೆ ಇಟ್ಟಿದ್ದರೆ ಆ ಹೊತ್ತಿಗೇ ತುಂಬಿಹೋಗುತ್ತಿತ್ತು.

ಆದರೆ ಯಾರದೋ ಫೋನಿನಿಂದ ಹೊರಟ ವಿಡಿಯೋ ಊರೂರು ಸುತ್ತಿ ದಕ್ಷಿಣ ತಲುಪುವ ಹೊತ್ತಿಗೆ ಡಾಕ್ಟರ ಮಾತನ್ನು ಯಾರೋ ಕತ್ತರಿಸಿದ್ದರು. ಉಳಿದದ್ದು ನನ್ನ ಅಬ್ಬರ, ಅವರ ತಗ್ಗಿದ ತಲೆ. ಆ ಕಡೆಯ ರೇಡಿಯೋದಲ್ಲಿ ಬೆಳಗಿಂದ ಸಂಜೆವರೆಗೆ ಅದೇ. ತನ್ನ ಉತ್ತರದವರೇ ಆಳು ಅನ್ನುವವನನ್ನು ಅಧ್ಯಕ್ಷರ ಪಕ್ಕ ಕೂರಿಸುತ್ತೀರಾ, ಅಧ್ಯಕ್ಷರಿಗೆ ಹೆಚ್ಚುಕಡಿಮೆಯಾದರೆ ದೇಶ ಆಳುವವನು ಇವನೇನಾ ಅಂತ. ಕುಮಾಸಿಯಲ್ಲಿ ಗ್ಯಾರೇಜಿನಲ್ಲಿರುವ ನಮ್ಮಣ್ಣ ಫೋನ್ ಮಾಡಿ, "ಏನೇ ಮಾಡ್ದೆ ಮಾರಾಯ್ತಿ? ಇಲ್ಲಿ ಆ ಡಾಕ್ಟರಿಗೆ ವೋಟು ಹಾಕ್ಬೇಕು ಅಂತಿದ್ದೋರೂ ಮೂಗು ಮುರೀತಿದಾರೆ" ಅಂದ.

ಆಮೇಲೆ ವಕೀಲರ ಪಕ್ಷದ ಕಡೆಯಿಂದ ಅಕ್ರಾದ ಬ್ಲಾಂಕ್ಸನ್ ಅನ್ನುವವರು ಬಂದರು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಟೈ. ನಾನು ಅವರಿಗೆ ಪಾಠ ಮಾಡಿದೆ. ಇದು ಜಗಳ ಅಲ್ಲ ಸಾರ್, ಎಂದೋ ನಮ್ಮೆರಡು ಕುಲದ ಮೂಲದ ಅಣ್ಣತಮ್ಮಂದಿರು ನಾಯಿ ಬೇಯಿಸಿ ತಲೆ ಯಾರಿಗೆ ಅಂತ ಕಿತ್ತಾಡಿದರಂತೆ, ಅಂದಿನಿಂದ ನಾವು ಫ್ರಾಫ್ರಾಗಳನ್ನು ಆಳು ಅಂತೀವಿ, ಅವರು ನಮ್ಮನ್ನು ಆಳು ಅಂತಾರೆ, ಬಯ್ದಷ್ಟೂ ಹತ್ತಿರ, ಇದರಲ್ಲಿ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಕ್ಷಮೆಯನ್ನಂತೂ ಕೇಳಲೇಬಾರದು ಅಂತ. ಅವರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು, "ಚೆನ್ನಾಗಿದೆಯಮ್ಮ. ಆದ್ರೆ ಕರಾವಳಿಯಲ್ಲಿ ವೋಟು ಹಾಕೋರಿಗೆ ಇಷ್ಟುದ್ದ ಕತೆ ಕೇಳೋ ಪುರುಸೊತ್ತಿಲ್ಲ. ರೇಡಿಯೋದಲ್ಲಿ ಕ್ಷಮೆ ಕೇಳಿಬಿಡು" ಅಂದರು. ಇನ್ನೊಂದು ದಾರಿಯನ್ನೂ ಹೇಳಿದರು. ಅದು ನನಗೆ ಬೇಡವಾಗಿತ್ತು, ಬಿಡು.

ಕೇಳಿದೆ. ಜೀವಮಾನದಲ್ಲಿ ಮೊದಲ ಸಲ ಗಂಭೀರವಾಗಿ ಮಾತಾಡಿದೆ, ಅಯಿಂಪೋಕಾ. ಘನತೆವೆತ್ತ ಡಾಕ್ಟರ್ ಅತುಬಿಗಾ ಅವರಿಗೂ ಸಮಸ್ತ ಫ್ರಾಫ್ರಾ ಬಾಂಧವರಿಗೂ ಆದ ನೋವಿಗಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ ಅಂತ ಓದಿದೆ. ಎಂಥೆಂಥ ಸುಳ್ಳು ಗಾಂಭೀರ್ಯ ಮಾಡಿ ಎಷ್ಟು ಜನರನ್ನು ನಗಿಸಿದವಳು ನಾನು, ನಿಜವಾದದ್ದು ಬಾಯಿಗೆ ಬಂದಾಗ ಸ್ಟುಡಿಯೋದ ಹುಡುಗ ಕೂಡ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದರೆ ಅಪ್ಪ ಮರದ ಕೆಳಗೆ ಕೂತಿದ್ದರು. ರೇಡಿಯೋ ಆರಿಸಿತ್ತು. ಕೇಳಿದ್ದು ಒಂದೇ ಮಾತು. "ಹಾಗಾದ್ರೆ ನೀನು ನಿಜವಾಗ್ಲೂ ಬಯ್ದಿದ್ದೆಯಾ ಮಗಳೇ?"

ಬ್ಲಾಂಕ್ಸನ್ ಸಾಹೇಬರು ಮರೆತದ್ದು ಇದನ್ನು. ಕ್ಷಮೆ ಕೇಳುವವರೆಗೆ ಅದು ತಮಾಷೆ, ಕೇಳಿದ ಮೇಲೆ ಬಯ್ಗುಳ. ಮರುದಿನ ಸೈಕಲ್ ರಿಪೇರಿಯ ನಿಮ್ಮ ಫ್ರಾಫ್ರಾ ಮುದುಕ ಅಸಾಕಿ, ದಿನಾ ನನ್ನನ್ನು ಕಂಡೊಡನೆ "ಬಂತಪ್ಪ ನಮ್ಮ ಹಿತ್ತಿಲ ಮೇಕೆ" ಅನ್ನುತ್ತಿದ್ದವನು, ಎದ್ದು ನಿಂತು "ನಮಸ್ಕಾರ ಟೀಚರ್" ಅಂದ. ನನ್ನ ಸೈಕಲ್ಲಿಗೆ ಗಾಳಿ ತುಂಬಿ, ಸೀಟು ಒರೆಸಿಕೊಟ್ಟ. ನೀನು ಆ ವಾರವೇ ರಜೆ ಬರೆದುಕೊಟ್ಟೆ. ಬರೆದ ಕಾರಣ ಜ್ವರ.

ತಾತ ಹೋದದ್ದು ಇದರ ನಡುವೆ. ನಮ್ಮ ಪದ್ಧತಿಯಂತೆ ತಾತನ ಹೆಣವನ್ನು ಎತ್ತರದ ಪೀಠದ ಮೇಲೆ ಕೂರಿಸಿದ್ದರು, ಮರದ ಪಟ್ಟಿಗಳ ಗ್ಯಿಲ್ ವಾದ್ಯ ಬೆಳಗಿಂದ ಮೊಳಗುತ್ತಿತ್ತು. ನಮ್ಮ ಸಾವಿನ ಮನೆಯಲ್ಲಿ ಬಯ್ದು ನಗಿಸುವುದು ನಿಮ್ಮವರ ಹಕ್ಕಲ್ಲವೇ, ನಿಮ್ಮ ವ್ಯಾನು ಬಂದು ನಿಂತಾಗ ಅಪ್ಪನ ಮುಖ ಅರಳಿತು. ಈಗ ಒಬ್ಬ ತಾತನ ಹಾಗೆ ಕುಂಟುತ್ತಾ ಬರುತ್ತಾನೆ, ಇನ್ನೊಬ್ಬಳು ಹೆಣದ ಮುಂದೆ ನಿಂತು ಏಳೋ ಸೋಮಾರಿ, ಆಳಿಗೆ ಇಷ್ಟು ಹೊತ್ತು ನಿದ್ದೆ ಯಾಕೆ ಅಂತ ಗದರುತ್ತಾಳೆ, ಅಳುವವರೆಲ್ಲ ಅಳುತ್ತಲೇ ನಗುತ್ತಾರೆ ಅಂದುಕೊಂಡರು. ನೀವು ಸಾಲಾಗಿ ಬಂದು, ಟೋಪಿ ತೆಗೆದು, ಕಾಣಿಕೆ ಇಟ್ಟು, ನೆರಳಲ್ಲಿ ಕೂತಿರಿ.

ಹೂಳುವಾಗ ಅಪ್ಪ, "ನಿಧಾನ, ನಿಧಾನ, ಏನವಸರ" ಅಂತ ಗುಂಡಿ ತೆಗೆಯುವವರನ್ನು ತಡೆಯುತ್ತಲೇ ಇದ್ದರು. ಯಾರಾದರೂ ಫ್ರಾಫ್ರಾ ಗುಂಡಿಯೊಳಗೆ ಇಳಿದು ಮಲಗಿ, ನಮ್ಮ ಆಳನ್ನು ನಮ್ಮನ್ನು ಕೇಳದೆ ಹೂಳ್ತೀರಾ, ಹೆಂಡ ತಂದರೆ ಎದ್ದೇಳ್ತೀವಿ ಅನ್ನಲಿ ಅಂತ. ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ಕಾಲ ಬೆರಳು ನೋಡಿಕೊಳ್ಳುತ್ತಿದ್ದೆ. ಕೊನೆಗೆ ಅಪ್ಪ ಕೈ ಬಿಟ್ಟರು. ಮಣ್ಣು ಹಾಕಿದರು. ತಾತನನ್ನು ಕಳಿಸಿದ್ದು ಪರಮ ಗೌರವದಿಂದ, ಯಾವನೋ ಪರದೇಶಿಯನ್ನು ಕಳಿಸಿದ ಹಾಗೆ.

ನಾಡಿದ್ದು ಶನಿವಾರ ಮತದಾನ. ಅಪ್ಪ ಮತ್ತೆ ಹಳೆಯ ಪಕ್ಷಕ್ಕೆ ಹೋದರು. "ನಾವು ಯಾರ ಹತ್ರ ಕ್ಷಮೆ ಕೇಳಿದ್ವೋ ಅವರ ಮುಂದೆ ಹೋಗಿ ರಸ್ತೆ ಎಲ್ಲೋ ಅಂತ ಹೇಗೆ ಕೇಳೋದು? ಹಳಬರ ಮುಂದೆ ಕೈಮುಗಿದಾದ್ರೂ ಅಭ್ಯಾಸ ಇದೆ" ಅಂದರು. ಅತ್ತೆ, ಶನಿವಾರ ಹೆಂಡ ಕಾಯಿಸೋದಿದೆ, ನಾನೆಲ್ಲೂ ಬರಲ್ಲ ಅಂದರು. ಕರಾವಳಿಯಲ್ಲಿ ನನ್ನ ಕ್ಷಮೆಯಿಂದ ಎಷ್ಟು ವೋಟು ಬಂದವೋ ಗೊತ್ತಿಲ್ಲ. ಇಲ್ಲಿ ಹೋದದ್ದು ಮಾತ್ರ ನನ್ನ ಕಣ್ಣೆದುರೇ ಹೋಯಿತು.

ಯಾರಾದರೂ ಗೆಲ್ಲಲಿ. ಭಾನುವಾರ ಅವರವರ ಪೋಸ್ಟರು ಅವರವರ ಮೇಕೆ ತಿನ್ನುತ್ತದೆ. ನನಗೆ ಬೇಕಿರುವುದು ಸೋಮವಾರ ಶಾಲೆಯ ಬಾಗಿಲಲ್ಲಿ ನೀನು. ನಮಸ್ಕಾರ, ಹೇಗಿದ್ದೀರಿ ಅನ್ನುವ ಆ ಹೊಸ ಅಯಿಂಪೋಕಾ ಬರುವುದಾದರೆ ಬರಬೇಡ, ಜ್ವರವನ್ನು ಮುಂದುವರಿಸು.

ಇಂತಿ,
ನಿನ್ನನ್ನು ಇನ್ನೂ ಕೆಲಸದಿಂದ ತೆಗೆಯದ ಒಡತಿ,
ಸಬೀನಾ

ತಾ.ಕ.: ಬ್ಲಾಂಕ್ಸನ್ ಹೇಳಿದ ಇನ್ನೊಂದು ದಾರಿ ಏನೆಂದರೆ, ವಿಡಿಯೋ ತೆಗೆದವರ ಹೆಸರು ಹೇಳಿಬಿಡು, ಅದು ವಿರೋಧಿಗಳ ಪಿತೂರಿ ಅಂತ ಪೊಲೀಸರಿಗೆ ಕೊಡುತ್ತೇವೆ, ಆಗ ನೀನು ಕ್ಷಮೆ ಕೇಳಬೇಕಾಗಿಲ್ಲ ಅಂತ. ಯಾರೋ ಗೊತ್ತಿಲ್ಲ ಸಾರ್ ಅಂದೆ. ವಿಡಿಯೋದ ಕೊನೆಯಲ್ಲಿ ಫೋನ್ ಹಿಡಿದವಳು ನಗುವುದು ಕೇಳಿಸುತ್ತದೆ ಕಣೇ, ಹಂದಿ ಸೀನಿದ ಹಾಗೆ. ಲೋಕದಲ್ಲಿ ಹಾಗೆ ನಗುವವಳು ಒಬ್ಬಳೇ. ನೀನು ಖುಷಿಗೆ ನಿಮ್ಮ ಮನೆಯವರಿಗೆ ಕಳಿಸಿದೆ, ಅಲ್ಲಿಂದ ಯಾರೋ ಕತ್ತರಿಸಿದರು, ಅಷ್ಟೇ. ನಿನ್ನ ಜ್ವರ ಏನೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಈಗ ಕೂತು ಕ್ಷಮಾಪಣೆ ಬರೆಯಬೇಡ. ನೀನೂ ಕೇಳಿಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ಉಳಿಯುವುದಿಲ್ಲ. ಈ ಕಾಗದ ತಂದ ಬಸ್ ಡ್ರೈವರ್ ನಿನ್ನ ಬಾಗಿಲಲ್ಲೇ ಕಾಯುತ್ತಾನೆ. ಅವನ ಕೈಲಿ ಒಂದು ಬಯ್ಗುಳ ಹೇಳಿ ಕಳಿಸು. ಅವನೂ ದಗಾಬಾನೇ, ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಅದಕ್ಕೇ ದೊಡ್ಡದಾಗಿ ಬಯ್ಯಿ.